ಯಾರೂ ಇಣುಕದ ಪೆಟ್ಟಿಗೆ

ಸಿಟ್ಟು ಬಂದರೆ ಜನ ಪಾತ್ರೆ ಎಸೆಯುತ್ತಾರೆ, ಇಲ್ಲವೇ ಊಟ ಬಿಡುತ್ತಾರೆ. ನಾನು ಸಿಟ್ಟಿನಲ್ಲಿ ಒಂದು ವೈಫೈ ಪೆಟ್ಟಿಗೆ ಆರಿಸಿ ಕೊಂಡೆ. ಆರಿಸುವುದಕ್ಕೆ ಎರಡು ತಿಂಗಳು ಹಿಡಿಯಿತು. ಅಷ್ಟು ದಿನವೂ ನನ್ನ ಸಿಟ್ಟು ತಣ್ಣಗಾಗಲಿಲ್ಲ. ತಣ್ಣಗಾಗುವುದಕ್ಕೆ ನಾನು ಬಿಡಲೂ ಇಲ್ಲ.

ಎರಡು ಸಾವಿರದ ಹದಿನಾಲ್ಕರ ಮಾತು. ಸಹಕಾರನಗರದ ಒಂದು ಮನೆಯ ಮಹಡಿಯಲ್ಲಿ ನಾನು ಮತ್ತು ನನ್ನ ಅತ್ತೆ ಬಾಡಿಗೆಗೆ ಇದ್ದೆವು. ಅತ್ತೆ ಎಂದರೆ ಗಂಡನ ತಾಯಿ. ಗಂಡ ತೀರಿಕೊಂಡು ಆಗ ನಾಲ್ಕು ವರ್ಷ. ತಿಥಿ ಮುಗಿದ ಮೇಲೆ ನಾನು ತವರಿಗೆ ಹೋಗುತ್ತೇನೆ, ಅತ್ತೆ ಮಾಕಳಿಯಲ್ಲಿರುವ ಮಗಳ ಮನೆ ಸೇರುತ್ತಾರೆ ಎಂದು ನೆಂಟರೆಲ್ಲ ಲೆಕ್ಕ ಹಾಕಿದ್ದರು. ಅತ್ತೆ ಹದಿಮೂರನೆಯ ದಿನ ಎಲ್ಲರೂ ಎದ್ದು ಹೋದ ಮೇಲೆ, "ಇದ್ರೆ ಇಬ್ರೂ ಇಲ್ಲೇ ಇರಾಣ ಕಣೇ. ಓದ್ರೆ ಇಬ್ರೂ ಓಗಾಣ" ಎಂದರು. ಅಷ್ಟೇ ಮಾತು. ಆಮೇಲೆ ನಾಲ್ಕು ವರ್ಷ ದಿನಾ ಬೆಳಿಗ್ಗೆ ನನಗೆ ಡಬ್ಬಿ ಕಟ್ಟಿದರು. ನಾನು ಸೋಲದೇವನಹಳ್ಳಿಯ ಒಂದು ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಎರಡು ಬಸ್ ಬದಲಿಸಿ ಹೋಗಿ, ಹುಡುಗರು ಸುಟ್ಟುಹಾಕಿದ ಬೋರ್ಡುಗಳನ್ನು ರಿಪೇರಿ ಮಾಡಿ, ಮತ್ತೆ ಎರಡು ಬಸ್ ಬದಲಿಸಿ ಬರುತ್ತಿದ್ದೆ. ಬಂದಾಗ ಅತ್ತೆ ಟೀವಿ ಮುಂದೆ ಸೊಪ್ಪು ಬಿಡಿಸುತ್ತಾ ಕೂತಿರುತ್ತಿದ್ದರು. ನನಗೆ ಮನೆ ಎಂದರೆ ಅದು.

ಕೆಳಗೆ ಓನರ್ ಗಂಡ ಹೆಂಡತಿ. ಓನರ್ ಯಾವುದೋ ಸರ್ಕಾರಿ ಕಚೇರಿಯಿಂದ ನಿವೃತ್ತರಾದವರು. ಕಚೇರಿ ಅವರನ್ನು ಬಿಟ್ಟಿತ್ತು, ಅವರು ಕಚೇರಿಯನ್ನು ಬಿಟ್ಟಿರಲಿಲ್ಲ. ಟ್ಯಾಂಕಿನ ನೀರು ಎಷ್ಟು ಇಳಿಯಿತು, ಗೇಟಿನ ಚಿಲಕ ಯಾರು ಹಾಕಲಿಲ್ಲ, ಮೇಲಿನವರ ಮನೆಗೆ ಬಂದ ನೆಂಟರು ಎಷ್ಟು ಹೊತ್ತಿಗೆ ಹೋದರು, ಎಲ್ಲ ಅವರ ಗಮನದಲ್ಲಿರುತ್ತಿತ್ತು. ಅವರು ಇಂಟರ್ನೆಟ್ ಹಾಕಿಸಿದಾಗ ನಮಗೂ ಪಾಸ್‌ವರ್ಡ್ ಕೊಟ್ಟರು. "ಇಬ್ರೇ ಹೆಂಗಸ್ರು, ನೀವು ಎಷ್ಟು ಬಳಸ್ತೀರ, ಇರ್ಲಿ ಬಿಡಿ" ಎಂದರು. ಆ ದಯೆಗೆ ನಾನು ಹಲ್ಲು ಕಿರಿದು ಥ್ಯಾಂಕ್ಸ್ ಹೇಳಿದ್ದು ನೆನೆದರೆ ಈಗಲೂ ಮೈ ಉರಿಯುತ್ತದೆ.

ಅವರ ವೈಫೈ ಪೆಟ್ಟಿಗೆ ಇದ್ದದ್ದು ದೇವರ ಮನೆಯಲ್ಲಿ. ಯುಪಿಎಸ್‌ಗೆ ಸೇರಿದ ಪ್ಲಗ್ಗು ಇದ್ದದ್ದು ಅಲ್ಲೊಂದೇ ಕಡೆ. ಮೊದಲ ದಿನವೇ ಅದಕ್ಕೂ ಅರಿಶಿನ ಕುಂಕುಮ ಬಿದ್ದಿತ್ತು. ಪೆಟ್ಟಿಗೆ ಆಗಾಗ ನಿಂತುಹೋಗುತ್ತಿತ್ತು. ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತಿತ್ತು. ನಾನು ಮೆಟ್ಟಿಲ ಮೇಲೆ ನಿಂತು ಕೂಗಿದರೆ ಓನರ್ ಹೆಂಡತಿ ಒಳಗಿಂದಲೇ, "ಇನ್ನೂ ಸ್ನಾನ ಆಗಿಲ್ಲ ರೀ, ಆದ್ಮೇಲೆ ಮುಟ್ತೀನಿ" ಎನ್ನುತ್ತಿದ್ದರು. ಅವರು ಓನರಿಗಿಂತ ಬಹಳ ಚಿಕ್ಕವರು, ತಿಂಗಳಲ್ಲಿ ಮೂರು ದಿನ ಅದೂ ಇಲ್ಲ. ಓನರ್ ಪಾರ್ಕಿನಿಂದ ಬಂದು, ಸ್ನಾನ ಮಾಡಿ, ಪಂಚೆ ಉಟ್ಟು ಸ್ವಿಚ್ ಒತ್ತಬೇಕು. ನಾನು ಈ ಕಥೆಯನ್ನು ಲ್ಯಾಬಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದೆ.

ಆ ವರ್ಷ ಏಪ್ರಿಲ್‌ನಲ್ಲಿ ನಾನು ಎರಡನೇ ಮದುವೆಯ ಒಂದು ವೆಬ್‌ಸೈಟ್ ನೋಡತೊಡಗಿದೆ. ನನಗೆ ಆಗ ನಲವತ್ತೊಂದು. ಯಾಕೆ ನೋಡಿದೆ ಎಂದು ವಿವರಿಸುವ ಋಣ ನನಗೆ ಯಾರದ್ದೂ ಇಲ್ಲ, ಆದರೂ ಹೇಳುತ್ತೇನೆ. ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಒಂದು ಜೋಡಿ ಏನೋ ಸಣ್ಣ ವಿಷಯಕ್ಕೆ ಜಗಳವಾಡುತ್ತಿತ್ತು, ಟೊಮೇಟೊ ತಂದದ್ದು ಹಣ್ಣಾಗಿದೆಯೋ ಕಾಯಿಯೋ ಎಂದು. ನನಗೆ ಹೊಟ್ಟೆಕಿಚ್ಚಾಯಿತು. ಹನ್ನೊಂದು ಸಂಜೆ, ಅತ್ತೆ ಧಾರಾವಾಹಿ ನೋಡುವ ಹೊತ್ತಿನಲ್ಲಿ, ರೂಮಿನಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಮುಖಗಳನ್ನು ನೋಡಿದೆ. ಅರ್ಜಿಯನ್ನೂ ಅರ್ಧ ತುಂಬಿದೆ. ಯಾರಿಗೂ ಪತ್ರ ಬರೆಯಲಿಲ್ಲ, ಫೋಟೋ ಹಾಕಲಿಲ್ಲ. ಅತ್ತೆಗೆ ಹೇಳಲಿಲ್ಲ. ಹೇಳೋಣ, ಏನಾದರೂ ಒಂದು ಗಟ್ಟಿಯಾಗಲಿ ಎಂದುಕೊಂಡಿದ್ದೆ.

ಮೇ ತಿಂಗಳ ಒಂದು ಸಂಜೆ ಮನೆಗೆ ಬಂದೆ. ಅತ್ತೆ ಬೆಳಿಗ್ಗೆ ತಾರಸಿಯಲ್ಲಿ ಇಟ್ಟಿದ್ದ ಸಂಡಿಗೆಯನ್ನು ಡಬ್ಬಕ್ಕೆ ತುಂಬುತ್ತಾ ಕೂತಿದ್ದರು. ಟೀವಿ ಹಾಕಿರಲಿಲ್ಲ. ತಲೆ ಎತ್ತದೆ, "ನೀನು ಕಂಪ್ಯೂಟ್ರಲ್ಲಿ ಗಂಡು ನೋಡ್ತಿದೀಯಂತೆ. ಕೆಳಗ್ಲವ್ರು ಏಳುದ್ರು" ಎಂದರು.

ಕೆಳಗಿನವರಿಗೆ ಹೇಗೆ ಗೊತ್ತು? ಒಂದು ಕ್ಷಣ ಯೋಚಿಸಿದೆ, ಗೊತ್ತಾಯಿತು. ನಾನು ಚಪ್ಪಲಿ ಕೂಡ ಮೆಟ್ಟದೆ ದಡದಡ ಕೆಳಗಿಳಿದೆ.

ಓನರ್ ಗಾಬರಿಯೇನೂ ಆಗಲಿಲ್ಲ. ಒಳಗೆ ಹೋಗಿ ಒಂದು ಫೈಲು ತಂದರು. ಬಾಡಿಗೆ ಕರಾರು, ನೀರಿನ ರಸೀದಿಗಳ ಮಧ್ಯೆ ಪ್ರಿಂಟ್ ತೆಗೆದ ಎರಡು ಹಾಳೆ. ಯಾವ ಲ್ಯಾಪ್‌ಟಾಪು, ಯಾವ ದಿನ, ಎಷ್ಟು ಗಂಟೆ, ಯಾವ ವೆಬ್‌ಸೈಟು. ಅವರ ಪೆಟ್ಟಿಗೆಯಲ್ಲಿ ಹಾಗೆ ಪಟ್ಟಿ ತೆಗೆಯುವ ಸೌಲಭ್ಯವಿದೆಯೆಂದು ಅವರ ಅಣ್ಣನ ಮಗ ತೋರಿಸಿಕೊಟ್ಟಿದ್ದನಂತೆ. ನನ್ನ ಹನ್ನೊಂದು ಸಂಜೆಗಳೂ ಅಲ್ಲಿದ್ದವು, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಟಿಕ್ ಹಾಕಿದ್ದರು.

"ನೋಡಮ್ಮ, ಕನೆಕ್ಷನ್ ನನ್ನ ಹೆಸ್ರಲ್ಲಿದೆ" ಎಂದರು. "ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಪೊಲೀಸ್ನೋರು ಬಂದು ನನ್ನ ಕೇಳ್ತಾರೆ, ನಿಮ್ಮನ್ನಲ್ಲ. ನನ್ನ ಕನೆಕ್ಷನ್ನು, ನನ್ನ ಜವಾಬ್ದಾರಿ."

"ಅದಕ್ಕೆ ನಮ್ಮತ್ತೆಗೆ ಹೋಗಿ ಹೇಳ್ಬೇಕಾಗಿತ್ತಾ ಸಾರ್?"

ಅವರ ಹೆಂಡತಿ ಅಡುಗೆಮನೆ ಬಾಗಿಲಿಂದ, "ಅಯ್ಯೋ, ನಾವೇನು ಕೆಟ್ಟದ್ದು ಹೇಳಿದ್ವಾ? ಒಳ್ಳೇ ಸಂಬಂಧ ಯಾರ ಕಡೆಯಾದ್ರೂ ಇದ್ರೆ ಗೊತ್ತಾಗ್ಲಿ ಅಂತ ಇವ್ರು ಪಾರ್ಕಲ್ಲೂ ಎಲ್ರಿಗೂ ಹೇಳಿದಾರೆ" ಎಂದರು. ಮುಖದಲ್ಲಿ ನಿಜವಾಗಿಯೂ ಉಪಕಾರ ಮಾಡಿದವರ ಕಳೆಯಿತ್ತು.

ಪಾರ್ಕಲ್ಲೂ. ಆಮೇಲೆ ನಾನು ಏನೇನೋ ಕೂಗಿದೆ. ಎದುರು ಮನೆಯವರು ಗೇಟಿಗೆ ಬಂದು ನಿಂತರು. ಮೇಲೆ ಬಂದಾಗ ಅತ್ತೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ನಾನು ಕರೆಯಲಿಲ್ಲ. ಬೆಳಿಗ್ಗೆ ಎದ್ದಾಗ ಬ್ಯಾಗು ಕಟ್ಟಿಕೊಂಡು ಕೂತಿದ್ದರು. "ಮಗಳನ್ನ ನೋಡಿ ಸುಮಾರ್ ದಿನ ಆಯ್ತು. ಓಗಿ ಬತ್ತೀನಿ" ಎಂದು ಹೊರಟರು. ಸಂಡಿಗೆ ಡಬ್ಬವನ್ನೂ ತೆಗೆದುಕೊಂಡು ಹೋದರು.

ಹೋದವರು ಬರಲಿಲ್ಲ. ಎರಡು ವಾರ ಬಿಟ್ಟು ನಾನು ಮಾಕಳಿಗೆ ಹೋದೆ. "ಚೆನ್ನಾಗಿದೀಯಾ? ಉಂಡ್ಕೊಂಡು ಓಗು" ಎಂದರು, ದೂರದ ನೆಂಟರಿಗೆ ಹೇಳುವ ಹಾಗೆ. ಸೊಸೆ ಮರುಮದುವೆಗೆ ಹೊರಟಿದ್ದು ಅವರಿಗೆ ಅವಮಾನವಾಗಿದೆ ಎಂದು ನಾನು ತಿಳಿದುಕೊಂಡೆ. ಅದನ್ನು ಬಾಯಿಬಿಟ್ಟು ಕೇಳುವ ಧೈರ್ಯ ಬರಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುತ್ತಾ, ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಕೂತು, ಒಂದೇ ಒಂದು ತೀರ್ಮಾನಕ್ಕೆ ಬಂದೆ. ಈ ಕೆಳಗಿನವರನ್ನು ನಾನು ಸುಮ್ಮನೆ ಬಿಡಬಾರದು.

ಮನೆ ಖಾಲಿ ಮಾಡು ಎಂದು ಲ್ಯಾಬಿನವರು ಹೇಳಿದರು. ನಾನ್ಯಾಕೆ ಮಾಡಲಿ? ತಪ್ಪು ಮಾಡಿದವರು ನೆಮ್ಮದಿಯಾಗಿ ಕಾಫಿ ಕುಡಿಯುವುದು, ನಾನು ಮೂಟೆ ಕಟ್ಟುವುದೇ? ಅಲ್ಲೇ ಇರುತ್ತೇನೆ, ನನ್ನದೇ ಇಂಟರ್ನೆಟ್ ಹಾಕಿಸಿಕೊಳ್ಳುತ್ತೇನೆ, ಅವರ ನೆತ್ತಿಯ ಮೇಲೆ ಕೂತು ಬಳಸುತ್ತೇನೆ ಎಂದುಕೊಂಡೆ.

ಕೇಬಲ್ಲಿನವನು ಬಂದ. "ನಮ್ ಬಾಕ್ಸೇ ಹಾಕ್ಬೇಕು ಮೇಡಂ. ಪಾಸ್‌ವರ್ಡು ನಮ್ಮತ್ರ ಇರತ್ತೆ, ಏನಾದ್ರೂ ಪ್ರಾಬ್ಲಂ ಆದ್ರೆ ನಾವೇ ಒಳಗಡೆ ಹೋಗಿ ಸರಿ ಮಾಡ್ತೀವಿ" ಎಂದ.

ಒಳಗಡೆ ಹೋಗಿ. ಒಳಗಡೆ ಹೋಗುವವರ ಸಹವಾಸ ನನಗೆ ಸಾಕಾಗಿತ್ತು. "ತಂತಿ ನಿಮ್ದು ಇರ್ಲಿ, ಬಾಕ್ಸ್ ನಂದು" ಎಂದೆ. ಅವನು ಭುಜ ಕುಣಿಸಿ ಹೋದ, ಬಾಕ್ಸ್ ತಂದಾಗ ಫೋನ್ ಮಾಡಿ ಎಂದ.

ಬಾಕ್ಸ್ ಯಾವುದು? ಅಲ್ಲಿ ನನ್ನ ಓದು ಶುರುವಾಯಿತು. ಪ್ರತಿ ಪೆಟ್ಟಿಗೆಯೊಳಗೂ ಅದನ್ನು ನಡೆಸುವ ಒಂದು ಪ್ರೋಗ್ರಾಂ ಇರುತ್ತದೆ. ಕಂಪನಿಯವರು ಬರೆದದ್ದು. ಅದು ಏನೇನು ಬರೆದಿಟ್ಟುಕೊಳ್ಳುತ್ತದೆ, ಯಾರಿಗೆ ಹೇಳುತ್ತದೆ, ಕೊಂಡವರಿಗೆ ಗೊತ್ತಾಗುವುದಿಲ್ಲ. ಆದರೆ ಕೆಲವು ಪೆಟ್ಟಿಗೆಗಳಲ್ಲಿ ಅದನ್ನು ಅಳಿಸಿ, ಬೇರೊಂದನ್ನು ತುಂಬಬಹುದು. ಊರೂರಿನ ಜನ ಸೇರಿ ಬರೆದು, ಯಾರು ಬೇಕಾದರೂ ಓದಿ ನೋಡಲಿ ಎಂದು ತೆರೆದಿಟ್ಟ ಪ್ರೋಗ್ರಾಂ. ಲ್ಯಾಬಿನ ಕಂಪ್ಯೂಟರಿನಲ್ಲಿ ಅವರ ಪುಟಗಳನ್ನು ಓದುತ್ತಾ ಹೋದ ಹಾಗೆ ನನಗೆ ಅದು ನನಗಾಗಿಯೇ ಮಾಡಿಟ್ಟದ್ದು ಅನ್ನಿಸಿತು. ತಂತಿಯ ಆ ತುದಿಯಲ್ಲಿ ಕೂತ ಕೇಬಲ್ ಕಂಪನಿಯವರು ನಾನು ಯಾವ ವೆಬ್‌ಸೈಟಿಗೆ ಹೋದೆ ಎಂದು ಆಗಲೂ ನೋಡಬಹುದು, ಅದು ಗೊತ್ತಿತ್ತು. ಆದರೆ ಅವರಿಗೆ ನನ್ನ ಅತ್ತೆಯ ಪರಿಚಯವಿರಲಿಲ್ಲ.

ತೊಂದರೆ ಏನೆಂದರೆ ಎಲ್ಲ ಪೆಟ್ಟಿಗೆಯೂ ಇದಕ್ಕೆ ಒಗ್ಗುವುದಿಲ್ಲ. ಒಳಗಿನ ಚಿಪ್ ಮಾಡಿದವರು ತಮ್ಮ ಗುಟ್ಟನ್ನು ಬಿಟ್ಟುಕೊಟ್ಟಿರಬೇಕು, ತುಂಬುವುದಕ್ಕೆ ಜಾಗ ಇರಬೇಕು. ನಾನು ಮೊದಲು ಇದನ್ನೆಲ್ಲ ಪೂರ್ತಿ ಓದಲಿಲ್ಲ. ಒಂದು ಶನಿವಾರ ಓನರ್ ಗೇಟಿನಲ್ಲಿ ನಿಂತು, "ಅತ್ತೆಯವ್ರು ಇನ್ನೂ ಬರ್ಲಿಲ್ವಾ?" ಎಂದು ಕೇಳಿದರು. ಅದೇ ಕೋಪದಲ್ಲಿ ಯಶವಂತಪುರಕ್ಕೆ ಹೋಗಿ, ಆ ಪ್ರೋಗ್ರಾಂನವರ ಪಟ್ಟಿಯಲ್ಲಿದ್ದ ಮಾಡೆಲ್ ನಂಬರ್ ಹೇಳಿ ಒಂದು ಪೆಟ್ಟಿಗೆ ಕೊಂಡು ತಂದೆ. ತೆರೆದು ತಳ ನೋಡಿದರೆ ಅದೇ ನಂಬರಿನ ಮುಂದೆ ಸಣ್ಣಕ್ಷರದಲ್ಲಿ ಮೂರನೇ ವರ್ಷನ್ ಎಂದಿತ್ತು. ಕಂಪನಿಯವರು ಹೊರಗಿನ ಹೆಸರನ್ನು ಹಾಗೇ ಇಟ್ಟು ಒಳಗಿನ ಚಿಪ್ಪನ್ನೇ ಬದಲಿಸಿದ್ದರು. ಹೊಸ ಪ್ರೋಗ್ರಾಂ ಅದರಲ್ಲಿ ಓಡಿತು, ಆದರೆ ರೇಡಿಯೋ ಕೆಲಸ ಮಾಡಲಿಲ್ಲ. ವೈಫೈ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಇರುವ ವೈಫೈ ಪೆಟ್ಟಿಗೆ. ಸಿಟ್ಟು ಬಂದಾಗ ಸಾಮಾನು ಕೊಳ್ಳಬಾರದು ಎಂದು ಕಲಿತೆ. ಸಿಟ್ಟನ್ನು ಇಟ್ಟುಕೊಂಡು, ನಿಧಾನವಾಗಿ ಕೊಳ್ಳಬೇಕು.

ಆಮೇಲೆ ನಾನು ಪರೀಕ್ಷೆಗೆ ಓದುವವಳ ಹಾಗೆ ಓದಿದೆ. ಒಂದು ಮದುವೆ ಕಾಗದದ ಹಿಂಬದಿಯಲ್ಲಿ ಪಟ್ಟಿ ಮಾಡಿದೆ. ಎಂಟು ಎಂಬಿ ಜಾಗ, ಅರವತ್ನಾಲ್ಕು ಎಂಬಿ ಮೆಮೊರಿ ಇರಲೇಬೇಕು. ನಾಲ್ಕು ಎಂಬಿಯದ್ದು ಅಗ್ಗ, ಆದರೆ ಬೇಗ ತುಂಬಿಹೋಗುತ್ತದೆ. ಆಂಟೆನಾ ತಿರುಗಿಸಿ ಬಿಚ್ಚುವ ಹಾಗಿರಬೇಕು. ವರ್ಷನ್ ಒಂದು ಅಥವಾ ಎರಡು ಮಾತ್ರ. ಯಾರಾದರೂ ಭಾರತದಲ್ಲಿ ಕೊಂಡ ಪೆಟ್ಟಿಗೆಗೆ ತುಂಬಿ ನೋಡಿ, ಆಯಿತು ಎಂದು ಬರೆದಿರಬೇಕು. ಕೊನೆಗೆ ಪಟ್ಟಿಯಲ್ಲಿ ಎರಡು ಹೆಸರು ಉಳಿದವು.

ಆರ್.ಟಿ. ನಗರದಲ್ಲಿ ಒಂದು ಸಣ್ಣ ಕಂಪ್ಯೂಟರ್ ಅಂಗಡಿ. ಅಂಗಡಿಯವರು ಗಡ್ಡ ಬಿಟ್ಟ, ಐವತ್ತರ ಆಸುಪಾಸಿನ ಮನುಷ್ಯ. ಫೋನಿನಲ್ಲಿ ದಖ್ಖನಿ ಉರ್ದು, ಗಿರಾಕಿಗಳ ಹತ್ತಿರ ಕನ್ನಡ. ನಾನು ಪೆಟ್ಟಿಗೆಯ ತಳ ನೋಡಬೇಕು ಎಂದಾಗ ಅವರಿಗೆ ಅರ್ಥವಾಗಲಿಲ್ಲ.

"ತಳ ಯಾಕೆ ಮೇಡಂ? ಸೀಲ್ ತೆಗ್ದ್ರೆ ಯಾರೂ ತಗೊಳ್ಳಲ್ಲ."

"ವರ್ಷನ್ ನೋಡ್ಬೇಕು."

"ಎಲ್ಲಾ ಒಂದೇ ಮೇಡಂ."

"ಒಂದೇ ಅಲ್ಲ" ಎಂದು ಯಶವಂತಪುರದ ಪೆಟ್ಟಿಗೆಯ ಕಥೆ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ರಟ್ಟಿನ ಡಬ್ಬದ ಪಕ್ಕದ ಸ್ಟಿಕ್ಕರನ್ನು ಓದಿದರು. ಸೀರಿಯಲ್ ನಂಬರಿನ ಪಕ್ಕ, ಇರುವೆ ಗಾತ್ರದಲ್ಲಿ ವರ್ಷನ್ ಬರೆದಿತ್ತು. ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಇದನ್ನು ತಾವು ಓದೇ ಇರಲಿಲ್ಲ ಎಂದು ಅವರಿಗೆ ಖುಷಿಯೋ ಖುಷಿ. ಕಪಾಟಿನಲ್ಲಿದ್ದ ಎಲ್ಲ ಡಬ್ಬಗಳನ್ನೂ ಇಳಿಸಿ ಒಂದೊಂದಾಗಿ ಓದಿದೆವು. ಎಲ್ಲವೂ ಮೂರು, ನಾಲ್ಕು. ಹಾಗೆ ಮೂರು ಶನಿವಾರ ಹೋದೆ. ಮೂರನೆಯ ಸಲ ಅವರು ಅಟ್ಟದ ಮೇಲಿಂದ ಧೂಳು ಹಿಡಿದ ಒಂದು ಡಬ್ಬ ತೆಗೆದು, ಸ್ಟಿಕ್ಕರ್ ಒರೆಸಿ, ನನ್ನ ಮುಂದಿಟ್ಟರು. ವರ್ಷನ್ ಎರಡು.

"ಎಲ್ರೂ ಹೊಸ ಮಾಲು ಕೇಳ್ತಾರೆ. ನೀವೊಬ್ರೇ ಹಳೇ ಮಾಲು ಕೊಡಿ ಅಂತ ಮೂರ್ ಸಲ ಬಂದ್ರಿ. ಯಾರ್ ಮೇಲಾದ್ರೂ ಜಿದ್ದು ಇದೆಯಾ ಮೇಡಂ?" ಎಂದು ನಕ್ಕರು.

"ಇದೆ" ಎಂದೆ. ಅವರು ನಗು ನಿಲ್ಲಿಸಿ ಡಬ್ಬ ಕಟ್ಟಿಕೊಟ್ಟರು.

ಪ್ರೋಗ್ರಾಂ ತುಂಬುವಾಗ ಕರೆಂಟ್ ಹೋದರೆ ಪೆಟ್ಟಿಗೆ ಇಟ್ಟಿಗೆಯಾಗುತ್ತದೆ, ಮತ್ತೆ ಏಳುವುದಿಲ್ಲ. ಅದಕ್ಕೇ ಕಾಲೇಜಿನ ಲ್ಯಾಬಿನಲ್ಲಿ, ಯುಪಿಎಸ್ ಇರುವ ಮೇಜಿನ ಮೇಲಿಟ್ಟು ತುಂಬಿದೆ. ಐದು ನಿಮಿಷ ದೀಪಗಳು ಹುಚ್ಚು ಹಿಡಿದ ಹಾಗೆ ಮಿಣುಕಿದವು. ನಾನು ಕೈಕಟ್ಟಿಕೊಂಡು ನಿಂತಿದ್ದೆ. ಕೊನೆಗೆ ದೀಪ ಸ್ಥಿರವಾಯಿತು, ತೆರೆಯ ಮೇಲೆ ಹೊಸ ಪುಟ ಬಂತು, ಹೊಸ ಪಾಸ್‌ವರ್ಡ್ ಹಾಕು ಎಂದು ಕೇಳಿತು. ಹಾಕಿದೆ. ಪ್ರಪಂಚದಲ್ಲಿ ನನಗೊಬ್ಬಳಿಗೇ ಗೊತ್ತಿರುವ ಒಂದು ಮಾತು. ಅವತ್ತು ಕ್ಯಾಂಟೀನಿನಲ್ಲಿ ಒಬ್ಬಳೇ ಎರಡು ಮಸಾಲೆದೋಸೆ ತಿಂದೆ.

ಗೋಡೆಗೆ ತೂತು ಕೊರೆಯಲು ಓನರ್ ಬಿಡಲಿಲ್ಲ. "ಗೋಡೆ ನಂದು" ಎಂದರು. ಕೇಬಲ್ಲಿನವನು ಕಂಬದಿಂದ ನಮ್ಮ ಬಾಲ್ಕನಿಗೆ ತಂತಿ ಎಳೆದು ಬಾಗಿಲ ಸಂದಿಯಿಂದ ಒಳಗೆ ತಂದ. ಪೆಟ್ಟಿಗೆ ಎಲ್ಲಿಡುವುದು ಎಂದು ನಾನು ಬಹಳ ಯೋಚಿಸಿದೆ. ಕೆಳಗಿನ ದೇವರ ಮನೆ ಎಷ್ಟು ಹೆಜ್ಜೆ ಒಳಗಿದೆ ಎಂದು ನೆನಪಿಸಿಕೊಂಡು, ಮೇಲೆ ಅಷ್ಟೇ ಹೆಜ್ಜೆ ಅಳೆದೆ. ಸರಿಯಾಗಿ ಅದರ ಮೇಲೆ ಬಂದದ್ದು ನಮ್ಮ ಚಪ್ಪಲಿ ಸ್ಟ್ಯಾಂಡ್. ಅಲ್ಲೇ ಇಟ್ಟೆ. ಅದು ಯಾರಿಗೂ ಗೊತ್ತಾಗಲಿಲ್ಲ, ನನಗೆ ಗೊತ್ತಿತ್ತು, ಸಾಕು.

ಇಷ್ಟಕ್ಕೆ ನಿಲ್ಲಿಸಿದ್ದರೆ ನಾನು ಒಳ್ಳೆಯವಳಾಗುತ್ತಿದ್ದೆ. ಆದರೆ ಹೊಸ ಪ್ರೋಗ್ರಾಂನಲ್ಲಿ ಒಂದು ಸೌಲಭ್ಯವಿತ್ತು. ಒಂದೇ ಪೆಟ್ಟಿಗೆಯಿಂದ ಎರಡು ಮೂರು ವೈಫೈ ಹೆಸರು ಬಿಡಬಹುದು. ನನ್ನ ಬಳಕೆಗೆ ಒಂದು, ಅದು ಗುಪ್ತ. ಇನ್ನೊಂದು ಸುಮ್ಮನೆ ಹೆಸರಿಗೆ, ಬೀದಿಯಲ್ಲಿ ಫೋನ್ ತೆಗೆದು ವೈಫೈ ಹುಡುಕಿದವರಿಗೆಲ್ಲ ಕಾಣುವ ಹಾಗೆ. ಹೆಸರು ಮೂವತ್ತೆರಡು ಅಕ್ಷರ ಮೀರುವಂತಿಲ್ಲ. ಕನ್ನಡ ಲಿಪಿಯಾದರೆ ಒಂದೊಂದು ಅಕ್ಷರವೂ ಮೂರರ ಜಾಗ ತಿನ್ನುತ್ತದೆ, ಬೈಗುಳ ಮುಗಿಯುವ ಮೊದಲೇ ಜಾಗ ಮುಗಿಯುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕಾಯಿತು. ಬಸ್ಸಿನಲ್ಲಿ ಕೂತು ಬೆರಳು ಮಡಚಿ ಎಣಿಸುತ್ತಾ ಒಂದು ವಾರ ಹುಡುಕಿದೆ. ಓನರ್ ಹೆಸರು ಹಾಕಿದರೆ ಪೊಲೀಸು, ಕೆಟ್ಟ ಮಾತು ಹಾಕಿದರೆ ನನಗೇ ಅವಮಾನ. ಕೊನೆಗೆ ಸಿಕ್ಕಿತು: ಕೆಳಗಿನವರು ಕದ್ದು ನೋಡ್ತಾರೆ. ನಡುವಿನ ಖಾಲಿ ಜಾಗವೂ ಸೇರಿ ಇಪ್ಪತ್ತಾರು. ಆಂಟೆನಾಗಳನ್ನು ಬೀದಿಯ ಕಡೆ ತಿರುಗಿಸಿದೆ.

ಮೊದಲ ವಾರ ಏನೂ ಆಗಲಿಲ್ಲ. ಎರಡನೆಯ ವಾರ ಮೂಲೆಯ ಇಸ್ತ್ರಿ ಅಂಗಡಿಯವನು ನನ್ನ ಸೀರೆ ಮಡಚುತ್ತಾ, "ಅಕ್ಕಾ, ನನ್ ಫೋನಲ್ಲಿ ಒಂದ್ ವೈಫೈ ಬರ್ತಿದೆ, ನೋಡಿದ್ರಾ?" ಎಂದು ತುಟಿ ಕಚ್ಚಿಕೊಂಡ. ನಾನು ಇಲ್ಲ ಎಂದೆ. ಎದುರು ಮನೆಯವರು ನನ್ನನ್ನು ನೋಡಿ ಮೊದಲಿಗಿಂತ ಜಾಸ್ತಿ ನಗತೊಡಗಿದರು. ಪಾರ್ಕಿನಲ್ಲಿ ಓನರ್ ಬಂದು ಕೂತರೆ ಬೆಂಚಿನವರು ಫೋನು ಜೇಬಿಗಿಳಿಸುತ್ತಾರೆ ಎಂದು ಯಾರೋ ಹೇಳಿದರು. ಓನರ್‌ಗೆ ಮಾತ್ರ ಗೊತ್ತಿರಲಿಲ್ಲ. ಅವರ ಫೋನು ತಾನಾಗಿಯೇ ಅವರ ದೇವರ ಮನೆಯ ಪೆಟ್ಟಿಗೆಗೆ ಸೇರಿಕೊಳ್ಳುತ್ತಿತ್ತು, ಪಟ್ಟಿ ತೆರೆದು ನೋಡುವ ಅಗತ್ಯವೇ ಅವರಿಗೆ ಬೀಳುತ್ತಿರಲಿಲ್ಲ. ಅವರಿಗೆ ಹೇಳುವವರೂ ಇರಲಿಲ್ಲ. ನನ್ನ ಬಗ್ಗೆ ಅಷ್ಟೊಂದು ಮಾತಾಡಿದ ಬೀದಿ ಅವರ ವಿಷಯದಲ್ಲಿ ಬಾಯಿಗೆ ಬೀಗ ಹಾಕಿಕೊಂಡಿತ್ತು.

ಗೌರಿ ಹಬ್ಬಕ್ಕೆ ಬಂದ ಅಣ್ಣನ ಮಗ ಅದನ್ನು ತೋರಿಸಿದ. ಓನರ್ ಮೊದಲ ಬಾರಿಗೆ ನಮ್ಮ ಮೆಟ್ಟಿಲು ಹತ್ತಿ ಬಂದರು. ಮುಖ ಕೆಂಪಾಗಿತ್ತು.

"ಏನಮ್ಮಾ ಇದು? ತೆಗೀರಿ ಅದನ್ನ."

"ಯಾಕೆ ಸಾರ್? ನನ್ನ ಕನೆಕ್ಷನ್ನು, ನನ್ನ ಜವಾಬ್ದಾರಿ."

"ಕೆಳಗಿನವರು ಅಂದ್ರೆ ಯಾರು?"

"ಯಾರು ಬೇಕಾದ್ರೂ ಆಗಬಹುದು ಸಾರ್. ಈ ಬೀದೀಲಿ ಎಲ್ಲಾ ಮನೇಗೂ ಕೆಳಗಡೆ ಒಂದು ಮನೆ ಇದೆ. ನಿಮ್ಮನ್ನೇ ಅಂತ ನಿಮಗ್ಯಾಕೆ ಅನ್ನಿಸ್ತು?"

ಅವರ ಬಾಯಿ ಒಂದು ಸಲ ತೆರೆದು ಮುಚ್ಚಿತು. ಮಾರ್ಚಿಗೆ ಕರಾರು ಮುಗಿಯುತ್ತೆ, ಆಮೇಲೆ ನೋಡ್ತೀನಿ ಎಂದು ಇಳಿದು ಹೋದರು. ಇಳಿಯುವಾಗ ಕೈ ಕಟಕಟೆ ಹಿಡಿದುಕೊಂಡಿತ್ತು. ನನಗೆ ಅಯ್ಯೋ ಪಾಪ ಅನ್ನಿಸಲಿಲ್ಲ. ಖುಷಿಯಾಯಿತು. ಮಾರನೆಯ ದಿನದಿಂದ ಅವರ ಹೆಂಡತಿ ತಾರಸಿಗೆ ಬಟ್ಟೆ ಒಣಗಿಸಲು ಬರುವುದನ್ನು ಬಿಟ್ಟರು. ಅದಕ್ಕೂ ಖುಷಿಯಾಯಿತು. ನನಗಾದಷ್ಟು ಅವರಿಗೆ ಇನ್ನೂ ಆಗಿಲ್ಲ ಎಂದು ದಿನಾ ಲೆಕ್ಕ ಹಾಕುತ್ತಿದ್ದೆ. ಅತ್ತೆಗೆ ಇದನ್ನೆಲ್ಲ ಹೇಳಬೇಕು, ಅವರಿಗೂ ಆ ಅವಮಾನ ಒಂದಿಷ್ಟು ಇಳಿಯುತ್ತದೆ, ಬ್ಯಾಗು ತೆಗೆದುಕೊಂಡು ಬಂದುಬಿಡುತ್ತಾರೆ ಎಂದು ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಿದ್ದೆ.

ನವೆಂಬರಿನಲ್ಲಿ ಅತ್ತೆ ಬಂದರು. ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ ಬದುಕಿದ್ದೇವೆ ಎಂದು ಬ್ಯಾಂಕಿಗೆ ಹೋಗಿ ಮುಖ ತೋರಿಸಬೇಕು. ಅವರ ಬ್ಯಾಂಕು ಯಲಹಂಕದಲ್ಲಿತ್ತು. ನಾನು ರಜೆ ಹಾಕಿ ಜೊತೆಗೆ ಹೋದೆ. ಸಹಿ ಹಾಕಿಸಿ, ಊಟಕ್ಕೆ ಮನೆಗೆ ಕರೆದುಕೊಂಡು ಬಂದೆ. ಅವರಿಗಿಷ್ಟವಾದ ಬಸ್ಸಾರು ಮುದ್ದೆ ಮಾಡಿದ್ದೆ. ಆರು ತಿಂಗಳ ಮೇಲೆ ಅವರು ಆ ಮನೆಯಲ್ಲಿ ಕೂತು ಉಂಡರು. ಉಂಡು, ಸೆರಗಿನಿಂದ ಕೈ ಒರೆಸಿಕೊಂಡು, ಚೀಲದಿಂದ ಹೊಸ ಫೋನು ತೆಗೆದರು.

"ಮಗಳು ಕೊಡ್ಸವಳೆ. ಇಂಟರ್ನೆಟ್ ಬಂದ್ರೆ ಇದ್ರಲ್ಲಿ ಮೊಮ್ಮಕ್ಳ ಪಟ ಬತ್ತವೆ. ನಿಂದು ಆಕ್ಕೊಡು."

ನಾನು ವೈಫೈ ಪಟ್ಟಿ ತೆರೆದು ಅವರ ಕೈಗೇ ಕೊಟ್ಟೆ. ಅತ್ತೆ ಬಸ್ಸಿನ ಬೋರ್ಡು ನೋಡಿ ನೋಡಿ ಇಂಗ್ಲಿಷ್ ಅಕ್ಷರ ಕಲಿತವರು. ಬೆರಳಿಟ್ಟು ಕೂಡಿಸಿ ಕೂಡಿಸಿ ಓದಿದರು. "ಕೆ... ಕೆಳಗಿ... ಕೆಳಗಿನವರು. ಕದ್ದು. ನೋಡ್ತಾರೆ." ತಲೆ ಎತ್ತಿದರು. "ಯಾರೇ ಇದ್ನ ಬರ್ದಿದ್ದು?"

"ನಾನೇ ಅತ್ತೆ" ಎಂದೆ. ಎಲ್ಲವನ್ನೂ ಹೇಳಿದೆ. ಫೈಲು, ಪೆನ್ಸಿಲ್ ಟಿಕ್ಕು, ಮೂರು ಶನಿವಾರ, ಚಪ್ಪಲಿ ಸ್ಟ್ಯಾಂಡು, ಓನರ್ ಬಾಯಿ ತೆರೆದು ಮುಚ್ಚಿದ್ದು. ಉತ್ಸಾಹದಲ್ಲಿ ಎದ್ದು ನಿಂತು ಓನರ್ ಹಾಗೆ ನಡೆದೂ ತೋರಿಸಿದೆ. ಅತ್ತೆ ನಗಲಿಲ್ಲ.

"ನಿಮಗೆ ಮಾಡಿದ ಅವಮಾನಕ್ಕೆ ಇಷ್ಟಾದ್ರೂ ಬೇಡ್ವಾ?" ಎಂದೆ.

"ನಂಗೇನ್ ಅವಮಾನ ಮಾಡುದ್ರು?"

"ಅವರು ಹೇಳಿದ್ದಕ್ಕೇ ಅಲ್ವಾ ನೀವು ಹೋಗಿದ್ದು?"

ಅತ್ತೆ ಫೋನನ್ನು ನೆಲದ ಮೇಲಿಟ್ಟರು.

"ಆ ಯಮ್ಮ ಸಂಡಿಗೆ ತಾವ ಬಂದು, ಸೊಸೆಗೆ ಗಂಡು ನೋಡ್ತಿದೀರಂತೆ, ಏಳ್ಲೇ ಇಲ್ಲ ಅಂದ್ಲು. ನಂಗೆ ಗೊತ್ತಿದ್ರೆ ತಾನೆ. ಔದು, ನಾನೇ ನೋಡು ಅಂದಿವ್ನಿ, ಅವ್ಳು ಬ್ಯಾಡ ಅಂತವ್ಳೆ ಅಂದೆ. ನಗ್ತಾ ಅಂದೆ. ಆ ಯಮ್ಮನ ಬಾಯಿ ಅಲ್ಗೇ ಮುಚ್ತು."

ಇದು ನನಗೆ ಗೊತ್ತಿರಲಿಲ್ಲ.

"ನೀನು ನೋಡ್ದೆ ಅಂತ ನಂಗ್ಯಾಕೆ ಬೇಜಾರು? ನಾನೂ ಮೂವತ್ತಾರಕ್ಕೆ ಮುಂಡೆ ಆದೋಳು. ನಂಗೆ ಗೊತ್ತಿಲ್ವಾ? ಸಾಯಂಕಾಲ ನೀನು ಬರಾಗಂಟ ಕಾಯ್ತಾ ಕೂತಿದ್ದೆ. ಕೇಳುದ್ರೆ ಏಳ್ತಾಳೆ ಅಂತ ಕೇಳ್ದೆ. ನೀನು ನನ್ನ ಮಕ ಕೂಡ ನೋಡ್ಲಿಲ್ಲ. ತಿರಿಕ್ಕೊಂಡು ಕೆಳಕ್ಕೆ ಜಗಳಕ್ಕೆ ಓದೆ. ಬಂದ್ಮೇಲಾದ್ರೂ ಕರೀತೀಯ ಅಂತ ಮನಿಕ್ಕೊಂಡಿದ್ದೆ. ಕರೀಲಿಲ್ಲ."

"ಅತ್ತೆ, ನನಗೆ ಹೆದರಿಕೆ ಆಯ್ತು."

"ನನ್ ಕಂಡಾ?"

ನಾನು ಹೌದು ಎಂದೆ. ಅದಕ್ಕಿಂತ ಬೇರೆ ನಿಜ ನನ್ನ ಹತ್ತಿರ ಇರಲಿಲ್ಲ. ಅತ್ತೆಯ ಮುಖ ಆ ಒಂದು ಮಾತಿಗೆ ಬಾಡಿದ ಹಾಗೆ, ಕೆಳಗಿನವರ ಎಲ್ಲ ಮಾತು ಸೇರಿಯೂ ಬಾಡಿಸಿರಲಾರವು. ಅವರು ಗೋಡೆ ಹಿಡಿದು ಎದ್ದು, ತಟ್ಟೆಗಳನ್ನು ತೆಗೆದುಕೊಂಡು ಹೋಗಿ ತೊಳೆದಿಟ್ಟರು. ನಾಲ್ಕು ಗಂಟೆಯ ಬಸ್ಸಿಗೆ ನಾನೇ ಬಿಟ್ಟು ಬಂದೆ. ಬಸ್ ಹತ್ತುವಾಗ ನನ್ನ ಕೈ ಹಿಡಿದುಕೊಂಡರು, ಹಿಂದಿನ ಹಾಗೆಯೇ. ಆದರೆ ಬರುತ್ತೇನೆ ಎನ್ನಲಿಲ್ಲ.

ಮನೆಗೆ ಬಂದು ಆ ಹೆಸರನ್ನು ಅಳಿಸಿದೆ. ಕೆಳಗಿನವರನ್ನು ಕ್ಷಮಿಸಿ ಅಲ್ಲ. ಇವತ್ತಿಗೂ ನಾನು ಅವರನ್ನು ಕ್ಷಮಿಸಿಲ್ಲ, ಕ್ಷಮಿಸುವ ಉದ್ದೇಶವೂ ಇಲ್ಲ. ಆದರೆ ಆರು ತಿಂಗಳು ನಾನು ಅವರ ಮೇಲೆ ಖರ್ಚು ಮಾಡಿದ ಸಿಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನ ಮೇಲಿನದ್ದಾಗಿತ್ತು, ಅದನ್ನು ಯಾರಿಗೂ ಕಾಣದ ಹಾಗೆ ಕೆಳಗಿನ ಮನೆಗೆ ಸಾಗಿಸುತ್ತಾ ಬಂದಿದ್ದೆ. ಆ ಸಂಜೆ ಅತ್ತೆ ಕೇಳಿದ ಮಾತಿಗೆ ಅಲ್ಲೇ ಕೂತು ಹೌದು ಅತ್ತೆ, ನೋಡುತ್ತಿದ್ದೇನೆ ಎಂದಿದ್ದರೆ ಸಾಕಾಗಿತ್ತು. ಅಷ್ಟು ಹೇಳುವುದಕ್ಕೆ ಎರಡು ನಿಮಿಷವೂ ಬೇಕಾಗಿರಲಿಲ್ಲ.